ವಾಲಗಕ್ಕೆ ಕ್ಲಿಕ್ ಕೊಡ್ಲಿಲ್ಲ, ಆಲ್ಬಂ ಓಡ್ತು: ನನ್ನ ಅನುಭವ

ಕೊಡವ ತಕ್ಕ್, ಅಂದ್ರೆ ಕೊಡವರ ಭಾಷೇಲಿ ಪಾಪ್ ಆಲ್ಬಂ ಅಂದ ಕೂಡ್ಲೇ ನಮ್ಮ ಕಡೆ ಎಲ್ರೂ ತಲೆ ಎಣಿಸೋಕೆ ಶುರು ಮಾಡ್ತಾರೆ. 2011ರ ಜನಗಣತಿ ಪ್ರಕಾರ ಮಾತಾಡೋರೇ ಒಂದು ಲಕ್ಷ ಚಿಲ್ಲರೆ, ಅದ್ರಲ್ಲಿ ಎಷ್ಟೋ ಜನ ಬೆಂಗಳೂರು ಮೈಸೂರಲ್ಲಿ, ಉಳಿದೋರು ಕಾಸು ಕೊಟ್ಟು ಹಾಡು ತಗೊಳ್ತಾರಾ ಮಾರಾಯ ಅಂತ. ಬೆಂಗಳೂರಿನ ಒಂದು ಆಡಿಯೋ ಕಂಪನಿಯೋರು ಡೆಮೋ ಅರ್ಧಕ್ಕೇ ನಿಲ್ಸಿ, ಕನ್ನಡದಲ್ಲಿ ಮಾಡ್ಕೊಂಡು ಬನ್ನಿ, ರೈಟ್ಸ್ ಪೂರ್ತಿ ನಮಗೆ ಬರ್ಕೊಡಿ ಅಂದ್ರು. ಬರ್ಕೊಡ್ಲಿಲ್ಲ. ಈ ಸೀಸನ್ನು ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ ಯಾವ ಮದುವೆ ಹಾಲ್‌ಗೆ ಹೋದ್ರೂ ನಮ್ಮ ಎರಡನೇ ಟ್ರ್ಯಾಕ್ ಕೇಳ್ದೇ ಊಟ ಮುಗಿಯಲ್ಲ. ಬ್ಲಾಕ್‌ಬಸ್ಟರ್ ಅಂದ್ರೆ ನಮ್ಮ ಜಿಲ್ಲೆ ಅಳತೆಗೆ ಅಂತ ಇಟ್ಕೊಳ್ಳಿ.

ಆಲ್ಬಂಗೆ ಹಾಕೋಕೆ ದುಡ್ಡು ಬಂದಿದ್ದು ಮಡಿಕೇರಿ ದಸರಾದಿಂದ. ಮೆರವಣಿಗೆಯ ದಶಮಂಟಪಗಳಿಗೆ (ಪುರಾಣದ ಕತೆ ತೋರ್ಸೋ ಹತ್ತು ಮಂಟಪ) ಸದ್ದಿನ ಟ್ರ್ಯಾಕ್ ಮಾಡಿಕೊಡೋದೇ ನನ್ನ ಕಸುಬು, ರಾಕ್ಷಸನ ನಗು, ಸಿಡಿಲು, ದೇವಿ ಡೈಲಾಗು, ಎಲ್ಲ ನಮ್ಮ ಹಳೇ ಡೆಸ್ಕ್‌ಟಾಪ್‌ನಲ್ಲೇ. ವರ್ಷಕ್ಕೆ ಮೂರ್ನಾಲ್ಕು ಮಂಟಪ ಸಿಕ್ಕಿದ್ರೆ ಒಂದೂವರೆ ಲಕ್ಷದ ತನಕ ಆಗುತ್ತೆ, ಆದ್ರೆ ಬಾಕಿ ವಸೂಲಾಗೋದು ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ. ಆಲ್ಬಂಗೆ ಒಟ್ಟು ನಾಲ್ಕು ಲಕ್ಷದ ಹತ್ರ ಹೋಯ್ತು, ಅದ್ರಲ್ಲಿ ಅರ್ಧದಷ್ಟು ಕಲಾವಿದರಿಗೇ ಕೊಟ್ಟೆ, ಊಟ ಹಾಕಿ ಕೈ ಕುಲುಕಿ ಕಳ್ಸೋ ಪದ್ಧತಿ ನನಗಾಗಲ್ಲ. ಸಾಫ್ಟ್‌ವೇರ್‌ಗೆ ಖರ್ಚೇ ಇಲ್ಲ ಅನ್ನಿ, ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ರೀಪರ್, ಲೈಸೆನ್ಸ್ 60 ಡಾಲರ್.

ಮೊದಲ ಸುತ್ತು ಪೂರ್ತಿ ದಂಡ. ಎಲ್ಲರ ಹಾಗೇ ಲೂಪ್ (ಸುತ್ತಿ ಸುತ್ತಿ ಬರೋ ರೆಡಿಮೇಡ್ ತಾಳ) ಹಾಕಿ ಅದ್ರ ಮೇಲೆ ದುಡಿ ಅನ್ನೋ ನಮ್ಮ ಸಣ್ಣ ಚರ್ಮವಾದ್ಯದ ಸ್ಯಾಂಪಲ್ ಕೂರಿಸಿ ಮೂರು ಹಾಡು ಮುಗಿಸಿದ್ವಿ, ಕಾರಲ್ಲಿ ಹಾಕಿ ಕೇಳಿದ್ರೆ ಯಾವುದೋ ಹೋಮ್‌ಸ್ಟೇ ಜಾಹೀರಾತು. ಆಮೇಲೆ ವಾಲಗದ ತಂಡಾನೇ ಕರೆಸಿ ಹೆಡ್‌ಫೋನ್‌ನಲ್ಲಿ ಕ್ಲಿಕ್, ಅಂದ್ರೆ ಒಂದೇ ವೇಗದಲ್ಲಿ ತಾಳ ಹಿಡಿಯೋ ಟಿಕ್ ಟಿಕ್ ಸದ್ದು ಕೊಟ್ಟೆ. ಅವ್ರಲ್ಲಿ ಹಿರಿಯ ಅಜ್ಜ ಒಬ್ರು ಎರಡು ನಿಮಿಷ ನುಡಿಸಿ ಹೆಡ್‌ಫೋನ್ ತೆಗೆದಿಟ್ರು, "ಈ ಟಿಕ್ ಟಿಕ್ ಕೇಳ್ಕೊಂಡು ಯಾರು ಮಗ ಕುಣೀತಾರೆ?" ಅಂದ್ರು. ವಾಲಗತಾಟ್, ಅಂದ್ರೆ ವಾಲಗಕ್ಕೆ ಕುಣಿಯೋ ನಮ್ಮ ಕುಣಿತ, ಕುಣಿದೋರಿಗೆ ಗೊತ್ತು, ಅದು ಒಂದೇ ವೇಗದಲ್ಲಿ ಇರಲ್ಲ, ಕುಣಿಯೋರ ಕಾಲು ನೋಡ್ಕೊಂಡು ಏರ್ತಾ ಹೋಗುತ್ತೆ. ಹಾಗಾಗಿ ತಿರುವಿ ಹಾಕ್ದೆ: ಕ್ಲಿಕ್ ತೆಗ್ದೆ, ನಮ್ಮ ಹುಡುಗ್ರು ನಾಲ್ಕು ಜನರನ್ನ ಎದುರಿಗೆ ಕುಣಿಯೋಕೆ ಬಿಟ್ಟೆ (ಬರಿಗಾಲಲ್ಲಿ, ನೆಲಕ್ಕೆ ಜಮಖಾನ), ಕೊಂಬು ಕಹಳೆ, ಕೊಟ್ಟ್ (ಡೋಲು), ವಾಲಗ ಎಲ್ಲ ಒಟ್ಟಿಗೇ ರೆಕಾರ್ಡ್ ಮಾಡ್ದೆ. ಆಮೇಲೆ ಕೂತು ಎರಡೆರಡು ಬಾರ್‌ಗೆ (ತಾಳದ ಸುತ್ತಿಗೆ) ವೇಗದ ಗುರುತು ಹೊಡ್ದು ಕಿಕ್ಕು, ಬೇಸು, ಸಿಂಥು ಅದ್ರ ಹಿಂದೆ ಓಡೋ ಹಾಗೆ ಮಾಡ್ದೆ. ಒಂದು ಹಾಡು ನಿಮಿಷಕ್ಕೆ 96 ಬೀಟ್‌ಗೆ ಶುರುವಾಗಿ 108 ಹತ್ರ ಮುಗಿಯುತ್ತೆ. ಬೇರೆ ಹಾಡಿನ ಜೊತೆ ಬೀಟ್ ಮ್ಯಾಚ್ ಆಗಲ್ಲ ಅಂತ ಡಿಜೆಗಳು ಬೈದ್ರು, ಈಗ ಅದೇ ಹಾಡನ್ನ ಮಿಕ್ಸ್ ಮಾಡ್ದೇ ನೇರ ಹಾಕ್ತಾರೆ. ಕೊಂಬಿಗೆ ಮೈಕ್ ಎಲ್ಲಿ ಇಟ್ಟೆ ಅಂತ ಬಹಳ ಜನ ಕೇಳ್ತಿದಾರೆ, ಎದುರಿಗಂತೂ ಇಡ್ಲಿಲ್ಲ, ಅಷ್ಟು ಸಾಕು.

ಜೂನ್‌ನಿಂದ ಆಗಸ್ಟ್ ತನಕ ಇಲ್ಲಿ ರೆಕಾರ್ಡಿಂಗ್ ಅನ್ನೋದು ಕನಸು. ಶೀಟಿನ ಮೇಲೆ ಮಳೆ, ಗಂಟೆಗಟ್ಟಲೆ ಕರೆಂಟಿಲ್ಲ, ಕಂಡೆನ್ಸರ್ ಮೈಕ್ ತೇವ ಕುಡಿದು ಪಟಪಟ ಅನ್ನುತ್ತೆ, ಅದನ್ನ ಸಿಲಿಕಾ ಜೆಲ್ ಜೊತೆ ಅಕ್ಕಿ ಡಬ್ಬದಷ್ಟು ದೊಡ್ಡ ಡಬ್ಬದಲ್ಲಿ ಮುಚ್ಚಿಡ್ಬೇಕು. ದುಡಿಯ ಚರ್ಮ ಸಡಿಲ ಬಿದ್ದು ದಬ್ ಅನ್ನೋದಷ್ಟೇ ಬರುತ್ತೆ. ಒಲೆ ಕೆಂಡದ ಎದುರು ಹಿಡಿದು, ಬೆರಳಲ್ಲಿ ತಟ್ಟಿ ನೋಡಿ, ಶ್ರುತಿ ಏರಿದ ಕೂಡ್ಲೇ ಒಳಗೆ ಓಡಿ ಬಂದು ಒಂದು ಟೇಕು. ಅಷ್ಟರಲ್ಲಿ ಮತ್ತೆ ಇಳಿದಿರುತ್ತೆ. ಮಳೆ ನಿಂತ್ರೆ ಜೀರುಂಡೆ. ಇಕ್ಯೂನಲ್ಲಿ (ಸದ್ದಿನ ತೀಕ್ಷ್ಣ-ಮಂದ್ರ ಏರಿಸಿ ಇಳಿಸೋ ಸಾಧನ) ಅದನ್ನ ಕತ್ತರಿಸೋಕೆ ಹೋದ್ರೆ ಗಾಯಕಿಯ ಸ ಶ ಎಲ್ಲ ಜೊತೆಗೇ ಹೋಗುತ್ತೆ, ಹಾಗಾಗಿ ಬಾಗಿಲು ಕಿಟಕಿಗೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲ ಒಟ್ಟಿದ್ವಿ. ಮೊಟ್ಟೆ ಟ್ರೇ ಅಂಟಿಸೋರಿಗೆ ಕೈ ಮುಗಿದೆ, ಅದ್ರಿಂದ ಹೊರಗಿನ ಸದ್ದು ಒಂದು ಚೂರೂ ನಿಲ್ಲಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗ. ಪರಿಚಯದವರ ಐನ್‌ಮನೆ (ಕುಟುಂಬದ ಹಿರೀಮನೆ) ಕೈಯಾಲೆ, ಅಂದ್ರೆ ಜಗಲಿಯಲ್ಲಿ ನಿಂತು ಹಾಡಿದ್ರೆ ಆ ಮರದ ಕಂಬ, ಮರದ ಸೂರು, ದನಿಗೆ ಏನೋ ಒಂದು ದಪ್ಪ ಬರುತ್ತೆ. ಅದನ್ನೇ ರಿವರ್ಬ್ (ಹಾಡಿಗೆ ಹಾಕೋ ಪ್ರತಿಧ್ವನಿ) ಮಾಡ್ಕೊಳ್ಳೋಣ ಅಂತ ಇಂಪಲ್ಸ್ ತೆಗೆಯೋಕೆ ಹೋದ್ವಿ, ಅಂದ್ರೆ ಬಲೂನ್ ಒಡೆದಂಥ ಒಂದು ಢಮಾರ್ ಸದ್ದಿಗೆ ಆ ಜಾಗ ಹೇಗೆ ಮೊಳಗುತ್ತೆ ಅಂತ ಹಿಡಿಯೋದು. ಕೊಡಗಲ್ವಾ, ಬಲೂನ್ ಯಾಕೆ ಅಂತ ಮನೆ ಯಜಮಾನ್ರು ಕೋವಿ ತಂದು ಅಂಗಳದಲ್ಲಿ ಆಕಾಶಕ್ಕೆ ಒಂದು ಹೊಡೆದೇ ಬಿಟ್ರು. ಸದ್ದು ಮೈಕಿನ ಪ್ರೀಆಂಪ್ ತಡೆಯೋದಕ್ಕಿಂತ ಜಾಸ್ತಿಯಾಗಿ ಫೈಲು ಚಪ್ಪಟೆ, ಆಮೇಲೆ ಹತ್ತು ನಿಮಿಷ ಊರ ನಾಯಿಗಳೆಲ್ಲ ಬೊಗಳಿದ್ದೇ ರೆಕಾರ್ಡ್ ಆಯ್ತು. ಕೊನೆಗೆ ಹತ್ತು ರೂಪಾಯಿ ಬಲೂನೇ ಕೆಲಸಕ್ಕೆ ಬಂತು. ನಾಲ್ಕನೇ ಹಾಡಿನ ಕೋರಸ್‌ನಲ್ಲಿ ಕೇಳೋದು ಅದೇ ರಿವರ್ಬ್.

ಹಾಡು ಎಷ್ಟಿರ್ಬೇಕು ಅನ್ನೋದಕ್ಕೆ ಮನೇಲೇ ಜಗಳ. ಹದಿನಾಲ್ಕು ರೆಡಿ ಇತ್ತು, ಕೊಟ್ಟ ದುಡ್ಡಿಗೆ ಜಾಸ್ತಿ ಇರ್ಲಿ ಅಂತ ಕೀಬೋರ್ಡ್ ನುಡಿಸೋ ತಮ್ಮ. ನಾನು 1982ರ ಮೈಕೆಲ್ ಜಾಕ್ಸನ್ 'ಥ್ರಿಲ್ಲರ್' ತೋರ್ಸಿದೆ: ಒಂಬತ್ತೇ ಹಾಡು, ನಲವತ್ತೆರಡು ನಿಮಿಷ. ಅವ್ರೂ ಮೊದಲು ಉದ್ದುದ್ದ ತುಂಬಿಸಿದ್ರು, ಎಲ್‌ಪಿಯ ಒಂದು ಬದಿಗೆ ಅಷ್ಟು ಹಿಡಿಸಿದ್ರೆ ಗೀರು ಸಣ್ಣದಾಗಿ ಸದ್ದು ಬಡವಾಗುತ್ತೆ, ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಕೂತು ಹಾಡುಗಳನ್ನ ಮೊಟಕು ಮಾಡ್ಸಿ ಮತ್ತೆ ಮಿಕ್ಸ್ ಮಾಡ್ಸಿದ್ರು. ನಮಗೆ ಎಲ್‌ಪಿ ತಾಪತ್ರಯ ಇಲ್ಲ, ಆದ್ರೆ ಮಡಿಕೇರಿಯಿಂದ ಟೂರಿಸ್ಟ್‌ಗಳು ಹೋಗೋ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು ತಲುಪೋದ್ರೊಳಗೆ ಆಲ್ಬಂ ಒಂದು ಸಲ ಮುಗೀಬೇಕು ಅನ್ನೋದು ನನ್ನ ಲೆಕ್ಕ. ಐದು ಹಾಡು ಕಿತ್ತು ಹಾಕಿದ್ವಿ, ಒಂಬತ್ತು ಉಳೀತು. ತಮ್ಮ ಒಂದು ವಾರ ಮಾತು ಬಿಟ್ಟಿದ್ದ.

ಜೀಪಿನ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ರಿಲೀಸ್‌ಗೆ ಮೊದಲೇ ಮಾಂದಲ್‌ಪಟ್ಟಿ ಜೀಪ್ ಡ್ರೈವರ್‌ಗಳಿಗೆ ಐವತ್ತೋ ಅರವತ್ತೋ ಪೆನ್‌ಡ್ರೈವ್ ಪುಕ್ಕಟೆ ಹಂಚಿದೆ. ಟೂರಿಸ್ಟ್‌ಗಳು ಇದ್ಯಾವ ಹಾಡು ಅಂತ ಕೇಳೋದು, ಡ್ರೈವರಣ್ಣ ಹೆಸ್ರು ಹೇಳೋದು, ಅವ್ರು ಕೆಳಗೆ ಇಳಿದ್ಮೇಲೆ ಹುಡುಕೋದು (ಮೇಲೆ ನೆಟ್‌ವರ್ಕ್ ಇಲ್ಲ). ನಾನು ಇನ್‌ಸ್ಟಾ ಜಾಹೀರಾತಿಗೆ ಸುರಿದ ಮೂವತ್ತು ಸಾವಿರಕ್ಕಿಂತ ಇದು ಜಾಸ್ತಿ ಕೆಲಸ ಮಾಡ್ತು. ಆಮೇಲೆ ಪೆನ್‌ಡ್ರೈವ್ 300ಕ್ಕೆ ಮಾರಿದ್ವಿ, ಕೊಡವ ಕುಟುಂಬಗಳ ಹಾಕಿ ಆಟದ ಹಬ್ಬದ ಗ್ರೌಂಡ್ ಹತ್ರ ಒಂದೇ ವಾರದಲ್ಲಿ ನಾನೂರರಷ್ಟು ಹೋಯ್ತು, ಒಂದಕ್ಕೆ ನೂರು ರೂಪಾಯಿ ಉಳೀತು.

ಸ್ಟ್ರೀಮಿಂಗ್‌ನಿಂದ ಬರೋದು ಟೀ ಖರ್ಚು. ನಿಜವಾದ ದುಡ್ಡು ಬಂದಿದ್ದು ನಾನು ಎಣಿಸದ ಕಡೆಯಿಂದ, ಮದುವೆ ವಿಡಿಯೋಗಳು. ಫೋಟೋಗ್ರಾಫರ್‌ಗಳು ಎಲ್ಲ ಹೈಲೈಟ್ಸ್‌ಗೂ ನಮ್ಮ ಎರಡನೇ ಟ್ರ್ಯಾಕ್ ಹಾಕಿ ಯೂಟ್ಯೂಬ್‌ಗೆ ಬಿಟ್ರು, ಹಾಡು ಯಾರದ್ದು ಅಂತ ಗುರುತು ಹಿಡಿಯೋ ಯೂಟ್ಯೂಬಿನ ಕಂಟೆಂಟ್ ಐಡಿ ಅದನ್ನ ಹಿಡ್ದು ಜಾಹೀರಾತಿನ ಹಣ ನಮಗೆ ತಿರುಗಿಸ್ತು. ನಮ್ಮ ಅಫಿಷಿಯಲ್ ವಿಡಿಯೋಗಿಂತ ಯಾರ್ಯಾರದೋ ಮದುವೆಗಳಿಂದ ಹೆಚ್ಚು ಬಂದಿದೆ. ಆಲ್ಬಂ ಹಾಕೋರು ಒಂದು ನೆನಪಿಡಿ, ಕಂಟೆಂಟ್ ಐಡಿ ಸೆಟ್ಟಿಂಗ್‌ನಲ್ಲಿ ಬ್ಲಾಕ್ (ವಿಡಿಯೋನೇ ತಡೆಯೋದು) ಅಂತ ಮಾತ್ರ ಕೊಡ್ಬೇಡಿ, ಮಾನಿಟೈಸ್ (ಜಾಹೀರಾತಿನ ಹಣ ತಗೊಳ್ಳೋದು) ಅಂತಲೇ ಬಿಡಿ. ನನಗೆ ಗೊತ್ತಿರೋ ಒಬ್ರು ಬ್ಲಾಕ್ ಕೊಟ್ಟಿದ್ದಕ್ಕೆ ಮದುಮಗಳ ಅಪ್ಪನೇ ಅವ್ರಿಗೆ ಫೋನ್ ಮಾಡಿ ಬೈದಿದ್ದಾರೆ.