ಕಾಗದಕ್ಕೊಬ್ಬ ಸಾಕ್ಷಿ: ದಾವಣಗೆರೆ–ಚಿತ್ರದುರ್ಗದ ಗೋದಾಮು ಸಾಲ ವಂಚನೆಯಲ್ಲಿ ಕೇಂದ್ರ ತನಿಖಾ ತಂಡವನ್ನು ನಡೆಸುವ ಬಗೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಸಿಬಿಐ ಕಚೇರಿ ಇಲ್ಲ. ಪ್ರಕರಣ ದಾಖಲಾದರೆ ತಂಡ ಬೆಂಗಳೂರಿನಿಂದ ಬರಬೇಕು: ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ., ದಾವಣಗೆರೆಗೆ ಸುಮಾರು 260. ಮೂರು ದಿನದ ಕ್ಯಾಂಪಿನಲ್ಲಿ ಬಿಟ್ಟುಹೋದ ಒಂದು ಸಹಿಗೆ ಇಡೀ ತಂಡ ಮತ್ತೆ ಆ ದಾರಿ ಹಿಡಿಯಬೇಕಾಗುತ್ತದೆ. ಮೇಲ್ವಿಚಾರಣೆ ಮಾಡುವ ಎಸ್‌ಪಿ ಅಥವಾ ಹೆಚ್ಚುವರಿ ಎಸ್‌ಪಿ ತಾವೇ ತನಿಖೆಗೆ ಇಳಿಯಬೇಕಿಲ್ಲ. ಆದರೆ ಕಡತಕ್ಕೆ ಸೇರುವ ಪ್ರತಿ ಕಾಗದಕ್ಕೂ ಒಂದು ಪ್ರಶ್ನೆ ಕೇಳಬೇಕು: ನಾಳೆ ನ್ಯಾಯಾಲಯದಲ್ಲಿ ನಿಂತು ಇದು ಇಂಥದ್ದು ಎಂದು ಹೇಳುವವರು ಯಾರು? ಉತ್ತರ ಹೆಸರಿನ ರೂಪದಲ್ಲಿ ಬರದಿದ್ದರೆ ಆ ಕಾಗದ ಇನ್ನೂ ಸಾಕ್ಷ್ಯವಾಗಿಲ್ಲ.

ಈ ಭಾಗದಲ್ಲಿ ಹುಟ್ಟಬಹುದಾದ ಒಂದು ಬಗೆಯ ಪ್ರಕರಣವನ್ನೇ ಹಿಡಿದು ಹೇಳುತ್ತೇವೆ: ಮೆಕ್ಕೆಜೋಳದ ಗೋದಾಮು ರಸೀದಿ ಒತ್ತೆಯಿಟ್ಟು ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಪಡೆದಿದ್ದಾರೆ, ಗೋದಾಮಿನಲ್ಲಿ ಮಾಲಿಲ್ಲ, ಬ್ಯಾಂಕಿನ ಅಧಿಕಾರಿಯೂ ಶಾಮೀಲು ಎಂಬ ಆರೋಪವಿದೆ.

ಎಫ್‌ಐಆರ್‌ಗೆ ಮೊದಲು ನೋಡಬೇಕಾದ ಮೂರು

ಮೊದಲನೆಯದು ಅಧಿಕಾರ. ಸಿಬಿಐಗೆ ಬಲ ಬರುವುದು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಿಂದ. ಅದರ 6ನೇ ಕಲಂ ಪ್ರಕಾರ ರಾಜ್ಯ ಸರ್ಕಾರದ ಸಮ್ಮತಿ ಬೇಕು. ಕರ್ನಾಟಕ ತನ್ನ ಸಾಮಾನ್ಯ ಸಮ್ಮತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆದಿದೆ. ಹಾಗಾಗಿ ಆ ಪ್ರಕರಣಕ್ಕೇ ಕೊಟ್ಟ ಸಮ್ಮತಿ ಇರಬೇಕು, ಇಲ್ಲವೇ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆದೇಶ ಇರಬೇಕು. ಆ ಆದೇಶದ ಪ್ರತಿ ಕಡತದ ಮೊದಲ ಪುಟದಲ್ಲೇ ಇರಲಿ.

ಎರಡನೆಯದು ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಂ. ಬ್ಯಾಂಕ್ ಅಧಿಕಾರಿ ಸಾಲ ಮಂಜೂರು ಮಾಡಿದ್ದು ಅವರ ಅಧಿಕೃತ ನಿರ್ಧಾರ. ಅದರ ಬಗ್ಗೆ ಭ್ರಷ್ಟಾಚಾರ ತಡೆ ಕಾಯ್ದೆಯಡಿ ವಿಚಾರಣೆ ಶುರು ಮಾಡುವ ಮೊದಲೇ ಸಕ್ಷಮ ಪ್ರಾಧಿಕಾರದ ಪೂರ್ವಾನುಮೋದನೆ ಬೇಕು. ನಿರ್ಧರಿಸಲು ಕಾಯ್ದೆ ಕೊಟ್ಟಿರುವ ಅವಧಿ ಮೂರು ತಿಂಗಳು, ಕಾರಣ ಬರೆದು ಇನ್ನೊಂದು ತಿಂಗಳು. ಲಂಚ ತೆಗೆದುಕೊಳ್ಳುವಾಗ ಸ್ಥಳದಲ್ಲೇ ಹಿಡಿಯುವ ಪ್ರಕರಣಕ್ಕೆ ಮಾತ್ರ ಇದು ಬೇಡ. "ಬ್ಯಾಂಕೇ ದೂರು ಕೊಟ್ಟಿದೆಯಲ್ಲ" ಎಂದು ತನಿಖಾಧಿಕಾರಿ ಹೇಳಬಹುದು. ದೂರು ಬೇರೆ, ಅನುಮೋದನೆ ಬೇರೆ.

ಮೂರನೆಯದು ಯಾವ ಸಂಹಿತೆ ಎಂಬುದು. ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಕೃತ್ಯ 2022ರದ್ದು, ಎಫ್‌ಐಆರ್ 2025ರದ್ದು ಎಂದಾದರೆ ಅಪರಾಧದ ಕಲಂಗಳು ಹಳೆಯ ಐಪಿಸಿಯವು (ಒಳಸಂಚು, ನಂಬಿಕೆದ್ರೋಹ, ವಂಚನೆ, ನಕಲಿ ದಾಖಲೆಗಳ 120ಬಿ, 409, 420, 467, 468, 471), ತನಿಖೆಯ ವಿಧಾನ ಮಾತ್ರ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯದು (ಬಿಎನ್‌ಎಸ್‌ಎಸ್). ಎಫ್‌ಐಆರ್ ಜುಲೈ 1ಕ್ಕಿಂತ ಮೊದಲಿನದಾದರೆ ತನಿಖೆಯೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಅಡಿಯೇ ಸಾಗಬೇಕು. ಸಾಲ 2023ರಲ್ಲಿ ಶುರುವಾಗಿ 2024ರ ಡಿಸೆಂಬರ್‌ವರೆಗೂ ನವೀಕರಣ ಆಗುತ್ತ ಬಂದಿದ್ದರೆ ಪ್ರತಿ ಕಂತಿನ ದಿನಾಂಕ ಬರೆಸಿ, ಯಾವ ಕೃತ್ಯ ಯಾವ ಕಾನೂನಿಗೆ ಸೇರುತ್ತದೆಂದು ಕಾನೂನು ಅಧಿಕಾರಿಯಿಂದ ಬರವಣಿಗೆಯಲ್ಲಿ ತರಿಸಿ.

ಕ್ಯಾಂಪಿಗೆ ಹೊರಡುವ ಮುನ್ನ

ತನಿಖಾಧಿಕಾರಿಯಿಂದ ಒಂದು ಹಾಳೆಯ ಯೋಜನೆ ಬರೆಸಿ. ನಾಲ್ಕು ಅಂಕಣ ಸಾಕು: ಸಾಬೀತಾಗಬೇಕಾದ ಸಂಗತಿ, ಅದಕ್ಕೆ ಬೇಕಾದ ಕಾಗದ, ಆ ಕಾಗದ ಯಾರ ವಶದಲ್ಲಿದೆ, ಅದನ್ನು ಹೇಳುವ ಸಾಕ್ಷಿ. ಈ ನಾಲ್ಕನೇ ಅಂಕಣವೇ ಖಾಲಿ ಉಳಿಯುವುದು ಹೆಚ್ಚು. "ಬ್ಯಾಂಕ್ ಸಿಬ್ಬಂದಿ" ಎಂದು ಬರೆದಿದ್ದರೆ ಹಿಂದಕ್ಕೆ ಕೊಡಿ. ಆ ದಿನ ಆ ಕೌಂಟರಿನಲ್ಲಿ ಕೂತಿದ್ದವರ ಹೆಸರು, ಈಗ ಅವರು ಎಲ್ಲಿಗೆ ವರ್ಗವಾಗಿದ್ದಾರೆ ಎಂಬುದು ಬೇಕು.

ಮಾಲು ಇರಲಿಲ್ಲ ಎಂದು ತೋರಿಸುವುದು ಹೇಗೆ

ಇಲ್ಲದ್ದನ್ನು ಇಲ್ಲ ಎಂದು ಸಾಬೀತು ಮಾಡುವುದೇ ಈ ಪ್ರಕರಣದ ಕಷ್ಟ. "ಮಾಲಿತ್ತು, ಆಮೇಲೆ ಮಾರಿದೆ" ಎಂದು ಆರೋಪಿ ಹೇಳಿಬಿಟ್ಟರೆ ಖಾಲಿ ಗೋದಾಮಿನ ಮಹಜರು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಲೆಕ್ಕದಿಂದ ಹಿಡಿಯಬೇಕು.

ರಸೀದಿಯಲ್ಲಿ 5,000 ಕ್ವಿಂಟಾಲ್ ಎಂದಿದೆ ಎನ್ನಿ. ಅದು 500 ಟನ್. ಹತ್ತು ಚಕ್ರದ ಲಾರಿಗೆ 16ರಿಂದ 18 ಟನ್ ಹಿಡಿದರೂ ಸುಮಾರು 30 ಲೋಡು ಬಂದಿರಬೇಕು. ಅಂದರೆ ಸುಮಾರು 30 ವೇಬ್ರಿಡ್ಜ್ ಚೀಟಿ, 30 ಲಾರಿ ನಂಬರು, 30 ಸಲ ಇಳಿಸಿದ ಹಮಾಲಿ ಲೆಕ್ಕ, ಎಪಿಎಂಸಿಯಲ್ಲಿ ಖರೀದಿಸಿದ್ದರೆ ದಲಾಲರ ಪಟ್ಟಿ ಮತ್ತು ಮಾರುಕಟ್ಟೆ ಶುಲ್ಕದ ದಾಖಲೆ. ಇವು ಒಂದೂ ಇಲ್ಲದಿದ್ದರೆ ಮಾಲು ಬರಲೇ ಇಲ್ಲ ಎಂಬ ಮಾತಿಗೆ ತೂಕ ಬರುತ್ತದೆ. ಚೀಟಿಗಳು ಇದ್ದರೆ ಲಾರಿ ನಂಬರುಗಳನ್ನು ವಾಹನ ನೋಂದಣಿಯ ದಾಖಲೆಯೊಂದಿಗೆ ಹೋಲಿಸಿ. ಲಾರಿಯ ನಂಬರು ಎಂದು ಬರೆದದ್ದು ದ್ವಿಚಕ್ರ ವಾಹನದ್ದಾಗಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತದೆ.

ಗೋದಾಮನ್ನೂ ಅಳೆಯಿಸಿ. ಮೆಕ್ಕೆಜೋಳ ಒಂದು ಘನ ಮೀಟರಿಗೆ ಅಂದಾಜು 700ರಿಂದ 750 ಕೆ.ಜಿ. ತೂಗುತ್ತದೆ. 500 ಟನ್‌ಗೆ ಕಾಳೇ ಸುಮಾರು 700 ಘನ ಮೀಟರ್ ಜಾಗ ಹಿಡಿಯುತ್ತದೆ. ಚೀಲದ ಅಟ್ಟಿ ಹಾಕಿದರೆ ಸಂದು, ಓಡಾಟದ ದಾರಿ ಸೇರಿ ಇನ್ನೂ ಹೆಚ್ಚು. ಉದ್ದ, ಅಗಲ, ಅಟ್ಟಿ ಹಾಕಬಹುದಾದ ಎತ್ತರ, ಮೂರನ್ನೂ ಪಂಚರ ಎದುರು ಟೇಪು ಹಿಡಿದು ಅಳೆದು ಮಹಜರಿನಲ್ಲಿ ಬರೆಸಿ. ಅಷ್ಟು ಮಾಲು ಆ ಗೋದಾಮಿನಲ್ಲಿ ಹಿಡಿಸುವುದೇ ಇಲ್ಲ ಎಂದಾದರೆ "ಮಾರಿದೆ" ಎಂಬ ವಾದಕ್ಕೆ ನೆಲೆಯೇ ಉಳಿಯುವುದಿಲ್ಲ. ಅಳತೆಯನ್ನು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ರಿಂದ ಮಾಡಿಸಿದರೆ ಅದನ್ನು ಹೇಳಲು ಸಾಕ್ಷಿಯೂ ಸಿಕ್ಕಂತೆ.

ಶೋಧ ಮತ್ತು ಜಪ್ತಿಯ ವಿಡಿಯೊ ಬಿಎನ್‌ಎಸ್‌ಎಸ್ 105ರ ಪ್ರಕಾರ ಕಡ್ಡಾಯ. ಪಟ್ಟಿ ತಯಾರಿಸಿ ಸಾಕ್ಷಿಗಳು ಸಹಿ ಹಾಕುವವರೆಗೂ ಕ್ಯಾಮೆರಾ ಓಡುತ್ತಿರಬೇಕು, ಆ ದಾಖಲೆ ತಡವಿಲ್ಲದೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ವಾರಂಟ್ ಇಲ್ಲದೆ 185ರಡಿ ಶೋಧ ಮಾಡಿದ್ದರೆ ಬರೆದಿಟ್ಟ ಕಾರಣಗಳ ಪ್ರತಿ 48 ಗಂಟೆಯೊಳಗೆ ತಲುಪಬೇಕು. ವಿಡಿಯೊ ಅರ್ಧದಲ್ಲಿ ನಿಂತಿದ್ದರೆ ಏಕೆ ನಿಂತಿತು ಎಂಬುದನ್ನು ಅಂದೇ ಕೇಸ್ ಡೈರಿಯಲ್ಲಿ ಬರೆಸಿ. ತಿಂಗಳ ನಂತರ ಬರೆದ ಕಾರಣವನ್ನು ಪಾಟೀ ಸವಾಲಿನಲ್ಲಿ ಯಾರೂ ನಂಬುವುದಿಲ್ಲ.

ಹೇಳಿಕೆಯ ಕನ್ನಡ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚು ಪ್ರಕರಣಗಳು ಸೋರುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೇಂದ್ರ ತಂಡದಲ್ಲಿ ಕನ್ನಡ ಬಾರದ ಅಧಿಕಾರಿಗಳೂ ಇರುತ್ತಾರೆ. ಸಾಕ್ಷಿ ಮಂಡಿಪೇಟೆಯ ಗುಮಾಸ್ತ, ಜಗಳೂರಿನ ರೈತ, ಚಳ್ಳಕೆರೆಯ ಹಮಾಲಿ. ಅವರು ಹೇಳಿದ್ದನ್ನು ಒಬ್ಬರು ಬಾಯಲ್ಲಿ ಅನುವಾದಿಸುತ್ತಾರೆ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಟೈಪಿಸುತ್ತಾರೆ. "ಸಾವ್ಕಾರ್ರು ಸೈನ್ ಹಾಕು ಅಂದ್ರು, ಹಾಕ್ದೆ" ಎಂದ ಮಾತು "ವಿಷಯವನ್ನು ಅರಿತು ಸಹಿ ಮಾಡಿದೆನು" ಎಂಬ ಅರ್ಥದ ವಾಕ್ಯವಾಗಿ ಕೂರುತ್ತದೆ. "ಮಾಲು ಬಂದಿದ್ದಿಲ್ಲ" ಅಂದರೆ ಆ ಹೊತ್ತಿಗೆ ಇನ್ನೂ ಬಂದಿರಲಿಲ್ಲ ಎಂದರ್ಥ. "ಬರಲೇ ಇಲ್ಲ" ಎಂದಲ್ಲ. ವರ್ಷಗಳ ನಂತರ ಆ ಸಾಕ್ಷಿ ತನ್ನ ಮಾತನ್ನೇ ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ಹೇಳಿದಾಗ ಅದು ಕಡತದ ಹೇಳಿಕೆಗೆ ತಾಳೆಯಾಗದೆ, ಸುಳ್ಳಾಡದ ಮನುಷ್ಯ ಪ್ರತಿಕೂಲ ಸಾಕ್ಷಿ ಅನ್ನಿಸಿಕೊಳ್ಳುತ್ತಾನೆ.

ಹಾಗಾಗಿ ಬಿಎನ್‌ಎಸ್‌ಎಸ್ 180ರಡಿಯ ಹೇಳಿಕೆಯನ್ನು ಕನ್ನಡದಲ್ಲೇ, ಸಾಕ್ಷಿಯ ಮಾತಿನಲ್ಲೇ ಬರೆಸಿ. ಇಂಗ್ಲಿಷ್ ಅನುವಾದ ಬೇರೆ ಹಾಳೆಯಲ್ಲಿ, ಅನುವಾದಿಸಿದವರ ಹೆಸರಿನೊಂದಿಗೆ ಇರಲಿ. ಬರೆದದ್ದನ್ನು ಓದಿ ಹೇಳಿದ ಸಂಗತಿಯನ್ನು ನಮೂದಿಸಿ. ಸಹಿ ಹಾಕಿಸಬೇಡಿ: ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ತೆಗೆದುಕೊಳ್ಳುವುದನ್ನು 181 ನಿಷೇಧಿಸುತ್ತದೆ. ಧ್ವನಿ-ದೃಶ್ಯ ಮುದ್ರಣಕ್ಕೆ 180ರಲ್ಲೇ ಅವಕಾಶವಿದೆ, ಮುಖ್ಯ ಸಾಕ್ಷಿಗಳಿಗಾದರೂ ಬಳಸಿ. ಬ್ಯಾಂಕಿನ ಕಿರಿಯ ನೌಕರ, ಆರೋಪಿಯ ಕೈಕೆಳಗಿನ ಗುಮಾಸ್ತ, ಇಂಥ ಒತ್ತಡಕ್ಕೆ ಸಿಗುವವರನ್ನು 183ರಡಿ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡಿಸಲು ಮೊದಲ ತಿಂಗಳಲ್ಲೇ ಅರ್ಜಿ ಹಾಕಿಸಿ.

ಐವರು ರೈತರ ಹೇಳಿಕೆ ಅಕ್ಷರ ಅಕ್ಷರಕ್ಕೂ ಒಂದೇ ಇದ್ದರೆ ತನಿಖಾಧಿಕಾರಿ ಕಾಪಿ-ಪೇಸ್ಟ್ ಮಾಡಿದ್ದಾರೆ ಎಂದೇ ತಿಳಿಯಿರಿ. ಅಂಥದ್ದನ್ನು ಒಪ್ಪಬೇಡಿ, ಸಾಕ್ಷಿಯ ಬಳಿ ಮತ್ತೆ ಕಳಿಸಿ.

ಮಹಿಳೆಯರು, 60 ದಾಟಿದವರು, 15ಕ್ಕಿಂತ ಚಿಕ್ಕವರು, ಅಂಗವಿಕಲರು, ತೀವ್ರ ಅನಾರೋಗ್ಯ ಇರುವವರನ್ನು ಕ್ಯಾಂಪಿಗೆ ಬನ್ನಿ ಎಂದು ಕರೆಯುವಂತಿಲ್ಲ (ಬಿಎನ್‌ಎಸ್‌ಎಸ್ 179), ತಂಡವೇ ಅವರ ಮನೆಗೆ ಹೋಗಬೇಕು. ಹೊಳಲ್ಕೆರೆಯ ಹಳ್ಳಿಯ ಅಜ್ಜನನ್ನು ಜಿಲ್ಲಾ ಕೇಂದ್ರದ ಅತಿಥಿಗೃಹಕ್ಕೆ ಬಸ್ ಹತ್ತಿಸುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ.

ಬ್ಯಾಂಕಿನ ಕಾಗದ

ಶಾಖೆಯ ವ್ಯವಸ್ಥಾಪಕರು ಖಾತೆಯ ಪ್ರಿಂಟ್ ತೆಗೆದು ಸೀಲು ಒತ್ತಿ ಕೊಡುತ್ತಾರೆ. ಅಷ್ಟು ಸಾಲದು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ 2ಎ ಪ್ರಕಾರ ಪ್ರಿಂಟ್ ಬಗ್ಗೆ ವ್ಯವಸ್ಥಾಪಕರ ಅಥವಾ ಪ್ರಧಾನ ಲೆಕ್ಕಿಗರ ಪ್ರಮಾಣಪತ್ರ ಒಂದು, ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಹೊತ್ತವರ ಪ್ರಮಾಣಪತ್ರ ಇನ್ನೊಂದು ಬೇಕು. ಕೋರ್ ಬ್ಯಾಂಕಿಂಗ್ ಸರ್ವರ್ ಶಾಖೆಯಲ್ಲಿರುವುದಿಲ್ಲ, ಹಾಗಾಗಿ ಎರಡನೆಯದನ್ನು ಶಾಖೆಯವರು ಕೊಡಲಾರರು. ಡೇಟಾ ಕೇಂದ್ರಕ್ಕೆ ಪತ್ರ ಮೊದಲ ವಾರವೇ ಹೋಗಲಿ. ಮೊಬೈಲ್, ಸಿಸಿಟಿವಿ, ಪೆನ್‌ಡ್ರೈವ್‌ಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ: ಭಾಗ ಎ ಸಾಧನದ ಹೊಣೆ ಹೊತ್ತವರಿಂದ, ಭಾಗ ಬಿ ತಜ್ಞರಿಂದ, ಹ್ಯಾಶ್ ಮೌಲ್ಯ (ಡಿಜಿಟಲ್ ದಾಖಲೆಯ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು) ಎರಡರಲ್ಲೂ ಒಂದೇ ಇರಬೇಕು. ಅಂಕಿ-ಅಕ್ಷರ ಒಂದೊಂದಾಗಿ ಹೋಲಿಸಿ ನೋಡಿ.

ಒತ್ತೆಯಿಟ್ಟ ಆಸ್ತಿಯ ಪೂರ್ವಾಪರ ಹುಡುಕುವಾಗ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ ಎಂಬುದು ನೆನಪಿರಲಿ. ಅದಕ್ಕೂ ಹಿಂದಿನ ಕಾಗದದಲ್ಲಿ "ಚಿತ್ರದುರ್ಗ ಜಿಲ್ಲೆ" ಎಂದಿರುವುದು ಸಹಜ. 1990ರ ಕ್ರಯಪತ್ರದಲ್ಲಿ "ದಾವಣಗೆರೆ ಜಿಲ್ಲೆ" ಎಂದಿದ್ದರೆ ಅದೇ ನಕಲಿಯ ಮೊದಲ ಸುಳಿವು. ಹರಪನಹಳ್ಳಿಯ ಆಸ್ತಿಯಾದರೆ ಇನ್ನೂ ಜಾಗ್ರತೆ ಬೇಕು. ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಋಣಭಾರ ಪತ್ರ ಮತ್ತು ಮೂಲ ನೋಂದಣಿಯ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಯಿಂದಲೇ ತರಿಸಿ, ಬ್ಯಾಂಕಿನ ಕಡತದಲ್ಲಿರುವ ಪ್ರತಿಯನ್ನು ಅದರೊಂದಿಗೆ ಹೋಲಿಸಿ.

ಸಹಿ ಮತ್ತು ಹೆಬ್ಬೆಟ್ಟು

ಪ್ರಶ್ನಿತ ಸಹಿಯಿರುವ ಮೂಲ ಕಾಗದಕ್ಕೆ ಪಿನ್ ಚುಚ್ಚಬಾರದು, ಸಹಿಯ ಮೇಲೆ ಮಡಿಕೆ ಬೀಳಬಾರದು, ಪೆನ್ನಿನ ಗುರುತು ಬೇಡ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಕ್ಯೂ1, ಕ್ಯೂ2 ಎಂದು ಬರೆದರೆ ಸಾಕು. ಮಾದರಿ ಸಹಿ ಎಸ್1ರಿಂದ, ಒಪ್ಪಿತ ಸಹಿ ಎ1ರಿಂದ. ಪ್ರಶ್ನಿತ ಸಹಿ ಕನ್ನಡದಲ್ಲಿದ್ದರೆ ಮಾದರಿಯೂ ಕನ್ನಡದಲ್ಲೇ ಇರಬೇಕು, ಅದೇ ಬಗೆಯ ಪೆನ್ನಿನಲ್ಲಿ, ಪ್ರತಿ ಸಲ ಹೊಸ ಹಾಳೆಯಲ್ಲಿ, ಮೂಲವನ್ನು ತೋರಿಸದೆ. ಆರೋಪಿ ಒಪ್ಪದಿದ್ದರೆ ಬಿಎನ್‌ಎಸ್‌ಎಸ್ 349ರಡಿ ಮ್ಯಾಜಿಸ್ಟ್ರೇಟ್ ಆದೇಶ ಪಡೆಯಿರಿ. ಒಪ್ಪಿತ ಸಹಿಗಳು ಸಾಲದ ಕಾಲಕ್ಕೆ ಹತ್ತಿರದವಾಗಿರಲಿ. ಓದುಬಲ್ಲ ರೈತನ ಅರ್ಜಿಯಲ್ಲಿ ಸಹಿಯ ಬದಲು ಹೆಬ್ಬೆಟ್ಟಿದ್ದರೆ ಅದನ್ನು ಬೆರಳಚ್ಚು ಪರಿಶೀಲನೆಗೆ ಕಳಿಸದೆ ಬಿಡಬೇಡಿ. ಹತ್ತು ಅರ್ಜಿಗಳ ಹೆಬ್ಬೆಟ್ಟು ಒಬ್ಬನದೇ ಆಗಿರಬಹುದು.

ಬಂಧನ ಎಂದರೆ ಗಡಿಯಾರ

ಬಂಧಿಸಿ ಹಾಜರುಪಡಿಸಿದ ದಿನದಿಂದ ಬಿಎನ್‌ಎಸ್‌ಎಸ್ 187ರ ಲೆಕ್ಕ ಶುರು: ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಸಲ್ಲದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ರಿಮ್ಯಾಂಡ್ ಆದ ದಿನವನ್ನೂ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಐಪಿಸಿ 409 ಅಥವಾ 467ಕ್ಕೆ ಗಟ್ಟಿ ಸಾಕ್ಷ್ಯವಿದ್ದರೆ ಮಾತ್ರ 90ನ್ನು ನಂಬಿ; ಉಳಿದ ಕಡೆ 60 ಎಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಗದವೇ ಮುಖ್ಯವಾದ ಪ್ರಕರಣದಲ್ಲಿ ಕೈಬರಹ ತಜ್ಞರ ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ಆರೋಪಿ ಓಡಿಹೋಗುವ, ಕಾಗದ ಸುಡುವ ಭಯವಿಲ್ಲದಿದ್ದರೆ ಬಂಧಿಸದೆ ಹಾಜರಾಗಲು ಹೇಳುವ 35(3)ರ ನೋಟಿಸಿನಲ್ಲೇ ಮುಂದುವರಿಯುವುದು ಜಾಣತನ. ಬಂಧಿಸಲೇಬೇಕಾದರೆ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಡೈರಿ ಓದುವ ಕ್ರಮ

ಬಿಎನ್‌ಎಸ್‌ಎಸ್ 192ರ ಪ್ರಕಾರ ಕೇಸ್ ಡೈರಿ ದಿನದಿನವೂ ಬರೆಯಬೇಕು, ಪುಟಸಂಖ್ಯೆ ಹಾಕಿರಬೇಕು. ವಾರಕ್ಕೊಮ್ಮೆ ಓದಿ. ಮೊದಲು ನೋಡಬೇಕಾದದ್ದು ಖಾಲಿ ಬಿದ್ದ ದಿನಗಳು, ಆಮೇಲೆ ಹಿಂದಿನ ವಾರ ನೀವು ಬರೆದ ಸೂಚನೆಗಳಲ್ಲಿ ಉತ್ತರ ಬಾರದವು. ಸೂಚನೆಯನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ದಿನಾಂಕ ಹಾಕಿ ಬರೆಯಿರಿ. "ತನಿಖೆ ಚುರುಕುಗೊಳಿಸಿ" ಎಂಬುದು ಸೂಚನೆಯಲ್ಲ. "ಹರಿಹರದ ವೇಬ್ರಿಡ್ಜ್‌ನ ಮಾರ್ಚ್ ತಿಂಗಳ ರಿಜಿಸ್ಟರ್ 94ರಡಿ ತರಿಸಿ, 12ರೊಳಗೆ ವರದಿ ಕೊಡಿ" ಎಂಬುದು ಸೂಚನೆ.

ತನಿಖಾಧಿಕಾರಿಯ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿದ್ದರೆ ಅವರ ವರದಿಯನ್ನು ತಿದ್ದಿಸಬೇಡಿ. ನಿಮ್ಮ ಅಭಿಪ್ರಾಯವನ್ನು ನಿಮ್ಮ ಟಿಪ್ಪಣಿಯಲ್ಲಿ ಕಾರಣಸಹಿತ ಬರೆದು ಮೇಲಕ್ಕೆ ಕಳಿಸಿ.

ದೋಷಾರೋಪ ಪಟ್ಟಿ ಸಲ್ಲಿಸುವ ಮುನ್ನ

ಬ್ಯಾಂಕ್ ಅಧಿಕಾರಿ ಇನ್ನೂ ಹುದ್ದೆಯಲ್ಲಿದ್ದರೂ ಸರಿ, ನಿವೃತ್ತರಾಗಿದ್ದರೂ ಸರಿ, ಮೊಕದ್ದಮೆಗೆ ಭ್ರಷ್ಟಾಚಾರ ತಡೆ ಕಾಯ್ದೆಯ 19ರಡಿ ಮಂಜೂರಾತಿ ಬೇಕು. 2018ರ ತಿದ್ದುಪಡಿ ನಿವೃತ್ತರನ್ನೂ ಸೇರಿಸಿದೆ. ಮಂಜೂರಾತಿ ಕೊಟ್ಟವರಿಗೆ ಅವರನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಇತ್ತೇ ಎಂಬುದನ್ನು ಬ್ಯಾಂಕಿನ ಸೇವಾ ನಿಯಮ ತರಿಸಿಕೊಂಡು ನೋಡಿ. ದೂರುದಾರರಿಗೆ ತನಿಖೆಯ ಪ್ರಗತಿಯನ್ನು 90 ದಿನದೊಳಗೆ ತಿಳಿಸಿದ ಪತ್ರದ ಪ್ರತಿ ಸೇರಿಸಿ (ಬಿಎನ್‌ಎಸ್‌ಎಸ್ 193). ಕೊನೆಗೆ ಆ ನಾಲ್ಕು ಅಂಕಣದ ಹಾಳೆಯನ್ನು ಮತ್ತೆ ತೆಗೆದು, ಪ್ರತಿ ಸಾಕ್ಷಿಯ ಈಗಿನ ವಿಳಾಸ, ಫೋನ್ ನಂಬರ್, ಮನೆಯವರೊಬ್ಬರ ನಂಬರ್ ಬರೆಸಿ. ಬ್ಯಾಂಕಿನವರು ವರ್ಗವಾಗುತ್ತಾರೆ, ಹಮಾಲರು ಕೆಲಸ ಹುಡುಕಿ ಊರು ಬಿಡುತ್ತಾರೆ. ಸಮನ್ಸ್ ಹೋಗುವ ಹೊತ್ತಿಗೆ ಈ ಹಾಳೆಯೇ ಬೇಕಾಗುತ್ತದೆ. ಆರು ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಬರೆಸುವ ಹೊಣೆಯನ್ನು ನ್ಯಾಯಾಲಯದ ಕೆಲಸ ನೋಡಿಕೊಳ್ಳುವ ಪೇದೆಯೊಬ್ಬರಿಗೆ ಹೆಸರು ಹಾಕಿ ವಹಿಸಿ.