ಸಂಶೋಧನಾ ಮೂಲಸೌಕರ್ಯಕ್ಕೆ ಸರ್ಕಾರಿ ಅನುದಾನ: ಅನುದಾನ ತಜ್ಞರು ಕೆಲಸ ಮಾಡಬೇಕಾದ ಬಗೆ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಬಲವಾದ ಕಾಂತದ ನೆರವಿನಿಂದ ಅಣುಗಳ ರಚನೆಯನ್ನು ತಿಳಿಸುವ ಎನ್‌ಎಂಆರ್ ಯಂತ್ರ, ಸೂಪರ್ ಕಂಪ್ಯೂಟರ್, ದೂರದರ್ಶಕ, ಸಂಶೋಧನಾ ಹಡಗು ಮುಂತಾದವುಗಳನ್ನು ಸಂಶೋಧನಾ ಮೂಲಸೌಕರ್ಯ ಎಂದು ಕರೆಯುತ್ತೇವೆ. ಇವು ಒಬ್ಬ ಸಂಶೋಧಕರ ಮೇಜಿನ ಮೇಲಿನ ಸಲಕರಣೆಗಳಲ್ಲ; ಹಲವು ತಂಡಗಳು ಹಂಚಿಕೊಂಡು ವರ್ಷಗಟ್ಟಲೆ ಬಳಸುವಂಥವು. ಇವುಗಳಿಗೆ ಸರ್ಕಾರದಿಂದ ಹಣ ತರುವ, ತಂದ ಹಣಕ್ಕೆ ಲೆಕ್ಕ ಕೊಡುವ ಹೊಣೆ ಅನುದಾನ ತಜ್ಞರದು. ಸಾಮಾನ್ಯ ಸಂಶೋಧನಾ ಯೋಜನೆ ಮೂರು ಅಥವಾ ಐದು ವರ್ಷಕ್ಕೆ ಮುಗಿಯುತ್ತದೆ, ಆದರೆ ದೊಡ್ಡ ಯಂತ್ರವೊಂದು ಹತ್ತು ಹದಿನೈದು ವರ್ಷ ಅದೇ ಕೋಣೆಯಲ್ಲಿ ನಿಂತಿರುತ್ತದೆ. ಆದ್ದರಿಂದ ಪರಿಶೀಲನಾ ಸಮಿತಿಯವರು ಅರ್ಜಿಯ ಉದ್ದಕ್ಕೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ: ಅನುದಾನದ ಕೊನೆಯ ಕಂತು ಖರ್ಚಾದ ಮೇಲೆ ಇದನ್ನು ಯಾರು, ಯಾವ ಹಣದಿಂದ, ಯಾರಿಗಾಗಿ ನಡೆಸುತ್ತಾರೆ? ಈ ಪ್ರಶ್ನೆಯನ್ನು ಸಮಿತಿಗಿಂತ ಮೊದಲು, ಅರ್ಜಿಯ ಮೊದಲ ಸಾಲು ಬರೆಯುವುದಕ್ಕೂ ಮೊದಲು ಕೇಳುವುದೇ ತಜ್ಞರ ನಿಜವಾದ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಜಿ ಆಹ್ವಾನದ ಪ್ರಕಟಣೆ ಬಂದಾಗ ಪೀಠಿಕೆಯನ್ನು ಆಮೇಲೆ ಓದಿದರೂ ನಡೆಯುತ್ತದೆ. ಮೊದಲು ಓದಬೇಕಾದದ್ದು ಯಾವ ವೆಚ್ಚಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ತಿಳಿಸುವ ಭಾಗವನ್ನು. ಇದು ಯೋಜನೆಯಿಂದ ಯೋಜನೆಗೆ ಬಹಳ ಬದಲಾಗುತ್ತದೆ. ಕೆನಡಾ ಸರ್ಕಾರ 1997ರಲ್ಲಿ ಸ್ಥಾಪಿಸಿದ ಕೆನಡಾ ಫೌಂಡೇಶನ್ ಫಾರ್ ಇನ್ನೊವೇಶನ್ ಸಾಮಾನ್ಯವಾಗಿ ಯೋಜನೆಯ ಅರ್ಹ ವೆಚ್ಚದ ಶೇಕಡ 40ರವರೆಗೆ ಮಾತ್ರ ಕೊಡುತ್ತದೆ. ಉಳಿದದ್ದನ್ನು ಪ್ರಾಂತ್ಯ ಸರ್ಕಾರ, ಉದ್ಯಮ ಅಥವಾ ಸಂಸ್ಥೆ ಭರಿಸಬೇಕು. ಅಲ್ಲಿಗೆ ಅರ್ಜಿ ಹಾಕುವವರಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಬೇರೆ ಬಾಗಿಲುಗಳನ್ನು ತಟ್ಟುವುದೇ ಆಗಿರುತ್ತದೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ದೊಡ್ಡ ಉಪಕರಣಗಳಿಗೆ ಕೊಡುವ ಅನುದಾನದಲ್ಲಿ ಒಂದು ಸಂಸ್ಥೆ ಸಲ್ಲಿಸಬಹುದಾದ ಅರ್ಜಿಗಳ ಸಂಖ್ಯೆಗೇ ಮಿತಿಯಿದೆ. ಹಾಗಾಗಿ ಸಂಸ್ಥೆಯೊಳಗೇ ಆಯ್ಕೆ ನಡೆಸಬೇಕಾಗುತ್ತದೆ, ಅದನ್ನು ಮುಲಾಜಿಲ್ಲದೆ ನಡೆಸುವ ಕಷ್ಟವೂ ನಿಮ್ಮ ಪಾಲಿಗೇ ಬರುತ್ತದೆ. ಭಾರತದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2000ದಲ್ಲಿ ಆರಂಭಿಸಿದ ಫಿಸ್ಟ್ ಯೋಜನೆಯಲ್ಲಿ (ಉನ್ನತ ಶಿಕ್ಷಣ ಸಂಸ್ಥೆಗಳ ವಿಜ್ಞಾನ ಮೂಲಸೌಕರ್ಯ ಸುಧಾರಿಸುವ ನಿಧಿ) ಬೆಂಬಲ ಸಿಗುವುದು ಮುಖ್ಯವಾಗಿ ಒಂದು ವಿಭಾಗಕ್ಕೆ. ಆದ್ದರಿಂದ ಒಬ್ಬ ಪ್ರಾಧ್ಯಾಪಕರ ಹೆಸರಿಗಿಂತ ಇಡೀ ವಿಭಾಗದ ಒಮ್ಮತ ಅಲ್ಲಿ ಮುಖ್ಯವಾಗುತ್ತದೆ. ಆಸ್ಟ್ರೇಲಿಯಾದ ಎನ್‌ಸಿಆರ್‌ಐಎಸ್ ಎಂಬ ರಾಷ್ಟ್ರೀಯ ಸಂಶೋಧನಾ ಮೂಲಸೌಕರ್ಯ ಯೋಜನೆ ಯಂತ್ರದ ಜೊತೆಗೆ ಅದನ್ನು ನಡೆಸುವ ಪರಿಣತ ಸಿಬ್ಬಂದಿಯ ಸಂಬಳಕ್ಕೂ ಹಣ ಕೊಡುತ್ತದೆ. ಹೀಗೆ ಕೊಡುವ ಯೋಜನೆಗಳು ಹೆಚ್ಚಿಲ್ಲದಿರುವುದು ವಿಷಾದದ ಸಂಗತಿ.

ಮುಂದಿನ ಹೆಜ್ಜೆ ಬೇಡಿಕೆಯನ್ನು ಅಳೆಯುವುದು. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ ಎಂದು ನಾನು ಕಂಡಿದ್ದೇನೆ. "ಈ ಯಂತ್ರ ಬಂದರೆ ಬಳಸುತ್ತೀರಾ?" ಎಂದು ಕೇಳಿದರೆ ಬೇಡ ಎನ್ನುವ ಸಂಶೋಧಕರು ಯಾರೂ ಇಲ್ಲ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಕಳೆದ ವರ್ಷ ಎಷ್ಟು ಮಾದರಿಗಳನ್ನು ಪರೀಕ್ಷೆಗೆ ಹೊರಗೆ ಕಳುಹಿಸಿದಿರಿ, ಫಲಿತಾಂಶಕ್ಕೆ ಎಷ್ಟು ವಾರ ಕಾದಿರಿ, ಎಷ್ಟು ಶುಲ್ಕ ಕಟ್ಟಿದಿರಿ, ಯಾವ ಪ್ರಯೋಗವನ್ನು ಯಂತ್ರವಿಲ್ಲದೆ ಕೈಬಿಟ್ಟಿರಿ ಎಂದು ಕೇಳಿ, ರಸೀದಿಗಳನ್ನೂ ತರಿಸಿಕೊಳ್ಳಬೇಕು. ಆ ಉತ್ತರಗಳನ್ನು ಗಂಟೆಗಳಿಗೆ ಇಳಿಸಬೇಕು. ವರ್ಷಕ್ಕೆ 220 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ 1,760 ಗಂಟೆಗಳಾಗುತ್ತವೆ. ದುರಸ್ತಿ, ಅಳತೆಯ ಹೊಂದಾಣಿಕೆ ಮತ್ತು ತರಬೇತಿಗೆಂದು 260 ಗಂಟೆ ಕಳೆದರೆ ಉಳಿಯುವುದು 1,500. ಆರು ತಂಡಗಳ ದಾಖಲೆಗಳಿಂದ 1,150 ಗಂಟೆಗಳ ಬೇಡಿಕೆ ಕಂಡುಬಂದರೆ ಲಭ್ಯ ಸಮಯದಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ತುಂಬಿದಂತಾಯಿತು, ಹೊರಗಿನ ಬಳಕೆದಾರರಿಗೂ ಜಾಗ ಉಳಿಯಿತು. ಇಂಥ ಕೋಷ್ಟಕವನ್ನು ಸಮಿತಿ ನಂಬುತ್ತದೆ. ಬೇಡಿಕೆ 300 ಗಂಟೆಗೇ ನಿಂತರೆ ಅರ್ಜಿ ಹಾಕದಿರುವುದು ಮೇಲು ಎಂದು ಸಂಶೋಧಕರಿಗೆ ನೇರವಾಗಿ ಹೇಳಬೇಕು, ಬೇರೆ ಸಂಸ್ಥೆಯಲ್ಲಿರುವ ಯಂತ್ರವನ್ನು ಬಳಸುವ ದಾರಿಯನ್ನೂ ತೋರಿಸಬೇಕು. ಭಾರತದಲ್ಲಿ 2020ರ ಜನವರಿಯಲ್ಲಿ ಆರಂಭವಾದ ಐ-ಸ್ಟೆಮ್ ಜಾಲತಾಣ ಇರುವುದೇ ಸಾರ್ವಜನಿಕ ಹಣದಿಂದ ಬಂದ ಉಪಕರಣಗಳನ್ನು ಹೀಗೆ ಹಂಚಿಕೊಳ್ಳುವುದಕ್ಕಾಗಿ. ಅಂಥ ಪಟ್ಟಿಗಳನ್ನು ನೋಡದೆ ಅರ್ಜಿ ಹಾಕಿದರೆ, ಹತ್ತಿರದಲ್ಲೇ ಇರುವ ಇಂಥದೇ ಯಂತ್ರದ ಬಗ್ಗೆ ಸಮಿತಿಯಿಂದ ಕೇಳಿ ತಿಳಿಯಬೇಕಾಗುತ್ತದೆ.

ಆಮೇಲೆ ಕೋಣೆಯನ್ನು ನೋಡಬೇಕು. ನಕ್ಷೆಯಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಟೇಪು ಹಿಡಿದು ಹೋಗಿ ಬಾಗಿಲಿನ ಅಗಲ, ಚಾವಣಿಯ ಎತ್ತರ, ಲಿಫ್ಟು ಹೊರಬಲ್ಲ ತೂಕ, ನೆಲದ ಸಾಮರ್ಥ್ಯ, ವಿದ್ಯುತ್ ಸಂಪರ್ಕಗಳನ್ನು ಬರೆದುಕೊಂಡು ಬರಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಂಸ್ಥೆಯೊಂದರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅನುದಾನ ಮಂಜೂರಾಗಿ, ಯಂತ್ರ ಮರದ ಪೆಟ್ಟಿಗೆಗಳಲ್ಲಿ ಬಂದಿಳಿದಿತ್ತು. ಜೋಡಿಸಲು ಬಂದ ಎಂಜಿನಿಯರ್ ಮೊದಲು ಅಳೆದದ್ದು ಕೋಣೆಯ ಕಾಂತಕ್ಷೇತ್ರವನ್ನು. ಗೋಡೆಯ ಹಿಂದೆ ಲಿಫ್ಟಿನ ವಿದ್ಯುತ್ ಕೇಬಲ್ ಹಾದುಹೋಗಿತ್ತು, ಲಿಫ್ಟು ಚಲಿಸಿದಾಗಲೆಲ್ಲ ಮಾಪಕದ ಅಂಕಿ ತಯಾರಕರು ಹೇಳಿದ ಮಿತಿಯನ್ನು ದಾಟುತ್ತಿತ್ತು. ಇನ್ನೊಂದು ಕಟ್ಟಡದಲ್ಲಿ ಕೋಣೆ ಸಿದ್ಧವಾಗುವವರೆಗೆ ಪೆಟ್ಟಿಗೆಗಳು ಏಳು ತಿಂಗಳು ಹಾಗೆಯೇ ಬಿದ್ದಿದ್ದವು, ವಾರಂಟಿ ಮಾತ್ರ ಯಂತ್ರ ಬಂದ ದಿನದಿಂದಲೇ ಓಡುತ್ತಿತ್ತು. ಅಂದಿನಿಂದ ಸ್ಥಳ ಪರೀಕ್ಷೆಯ ವರದಿಯಿಲ್ಲದ ಅರ್ಜಿಗೆ ನಾನು ಸಹಿ ಹಾಕಿಸಿಲ್ಲ. ವಾರಂಟಿಯ ಲೆಕ್ಕ ಯಂತ್ರ ಜೋಡಣೆಯಾಗಿ ಒಪ್ಪಿಗೆ ಪತ್ರ ಕೊಟ್ಟ ದಿನದಿಂದ ಶುರುವಾಗಬೇಕು ಎಂಬ ಷರತ್ತನ್ನು ಪ್ರತಿ ಖರೀದಿ ಆದೇಶದಲ್ಲೂ ಸೇರಿಸಿಸುತ್ತೇನೆ.

ವೆಚ್ಚದ ಅಂದಾಜು ಮಾಡುವಾಗ ಖರೀದಿ ಬೆಲೆಯ ಜೊತೆಗೆ ಯಂತ್ರದ ಆಯುಷ್ಯವಿಡೀ ಬರುವ ಖರ್ಚನ್ನೂ ವರ್ಷಾವಾರು ಬರೆದಿಡಬೇಕು. ಎನ್‌ಎಂಆರ್ ಯಂತ್ರದ ಅತಿವಾಹಕ (ಅತಿ ತಣ್ಣಗಿದ್ದಾಗ ವಿದ್ಯುತ್ತಿಗೆ ಪ್ರತಿರೋಧವೇ ಇಲ್ಲದ) ಕಾಂತವನ್ನು ತಣ್ಣಗಿಡಲು ಸುಮಾರು 4.2 ಕೆಲ್ವಿನ್, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್ ತಾಪದ ದ್ರವ ಹೀಲಿಯಂ ಬೇಕು. ಯಂತ್ರವನ್ನು ಬಳಸಲಿ ಬಿಡಲಿ, ಹೀಲಿಯಂ ಆವಿಯಾಗುತ್ತಲೇ ಇರುತ್ತದೆ. ಮತ್ತೆ ತುಂಬಿಸದಿದ್ದರೆ ಕಾಂತ ತನ್ನ ಅತಿವಾಹಕತೆಯನ್ನು ಕಳೆದುಕೊಂಡು, ಉಳಿದ ಹೀಲಿಯಂ ಕೂಡ ನಿಮಿಷಗಳಲ್ಲಿ ಕುದಿದು ಹೋಗುತ್ತದೆ. ಇದಕ್ಕೆ ಪ್ರತಿ ವರ್ಷ ಹಣ ಕೊಡುವವರು ಯಾರೆಂದು ಅರ್ಜಿಯಲ್ಲಿ ಸಂಸ್ಥೆಯ ಮುಖ್ಯಸ್ಥರ ಸಹಿಯೊಡನೆ ಬರೆದಿರಬೇಕು. ನಿರ್ವಹಣಾ ಒಪ್ಪಂದ, ತಂತ್ರಜ್ಞರ ಸಂಬಳ, ಸಾಫ್ಟ್‌ವೇರ್ ಪರವಾನಗಿ, ಹವಾನಿಯಂತ್ರಣದ ವಿದ್ಯುತ್ ಬಿಲ್ಲುಗಳೂ ಈ ಪಟ್ಟಿಗೆ ಸೇರುತ್ತವೆ. ಕೊಟೇಷನ್ನಿನ ಅವಧಿ ಮತ್ತು ಕರೆನ್ಸಿಯನ್ನೂ ಗಮನಿಸಬೇಕು: ಬೆಲೆಪತ್ರ 90 ದಿನಕ್ಕೆ ಮಾತ್ರ ಊರ್ಜಿತವಾಗಿದ್ದು ಮಂಜೂರಾತಿ ಎಂಟು ತಿಂಗಳ ಮೇಲೆ ಬಂದರೆ, ವಿನಿಮಯ ದರದ ಏರಿಕೆಯನ್ನು ಸಂಸ್ಥೆಯೇ ಹೊರಬೇಕಾಗುತ್ತದೆ. ಅಂದಾಜು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಸ್‌ನಲ್ಲಿ ಕಟ್ಟತೊಡಗಿದ್ದ ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್ ಎಂಬ ಬೃಹತ್ ಕಣ ವೇಗವರ್ಧಕ ದೊಡ್ಡ ನಿದರ್ಶನ. ವೆಚ್ಚದ ಅಂದಾಜು ಏರುತ್ತಲೇ ಹೋಗಿ, ಸುಮಾರು 200 ಕೋಟಿ ಡಾಲರ್ ಖರ್ಚಾದ ಮೇಲೆ 1993ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಲ್ಲಿಸಿತು.

ಬರವಣಿಗೆಯ ಬಗ್ಗೆ ಹೇಳುವುದು ಕಡಿಮೆ. ವಿಜ್ಞಾನದ ಭಾಗವನ್ನು ಸಂಶೋಧಕರೇ ಬರೆಯಲಿ. ಬಳಕೆ, ಆಡಳಿತ, ವೆಚ್ಚದ ಭಾಗಗಳನ್ನು ನೀವು ಬರೆಯಿರಿ. "ವಿಶ್ವದರ್ಜೆಯ" ಎಂಬಂಥ ವಿಶೇಷಣ ಕಂಡಲ್ಲಿ ಅದನ್ನು ತೆಗೆದು ಒಂದು ಅಂಕಿಯನ್ನು ಇಡಬೇಕು. ಬೆಂಬಲ ಪತ್ರಗಳೆಲ್ಲ ಒಂದೇ ನಕಲಿನಂತೆ ಕಾಣಬಾರದು. ಪ್ರತಿಯೊಬ್ಬರೂ ತಮಗೆ ಬೇಕಾದ ಗಂಟೆಗಳನ್ನು ತಮ್ಮದೇ ಮಾತಿನಲ್ಲಿ ಬರೆದಿರಬೇಕು.

ಹಣ ಮಂಜೂರಾದ ದಿನ ಸಂಭ್ರಮ ಸಹಜ, ಆದರೆ ಮಂಜೂರಾತಿ ಪತ್ರದ ಷರತ್ತುಗಳನ್ನು ಅಂದೇ ಓದಿ, ಗಡುವುಗಳನ್ನು ಒಂದು ಪಟ್ಟಿ ಮಾಡಿ ಲೆಕ್ಕಪತ್ರ ವಿಭಾಗಕ್ಕೆ ಕೊಡಬೇಕು. ಭಾರತದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ನಮೂನೆ 12-ಎಯಲ್ಲಿ ಹಣ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅಮೆರಿಕದ ಫೆಡರಲ್ ನಿಯಮಗಳಂತೆ ಉಪಕರಣಗಳನ್ನು ಕನಿಷ್ಠ ಎರಡು ವರ್ಷಕ್ಕೊಮ್ಮೆ ಎದುರಿಗೆ ನೋಡಿ, ದಾಖಲೆಗೆ ತಾಳೆ ಹಾಕಬೇಕು. ಬಳಕೆ ಶುಲ್ಕ ನಿಗದಿ ಮಾಡುವಲ್ಲಿ ಹೆಚ್ಚಿನ ಎಚ್ಚರ ಬೇಕು: ವರ್ಷದ ನಡೆಸುವ ಖರ್ಚನ್ನು ಬಳಕೆಯ ಗಂಟೆಗಳಿಂದ ಭಾಗಿಸಿದರೆ ದರ ಸಿಗುತ್ತದೆ, ಆದರೆ ಸರ್ಕಾರದ ಹಣದಿಂದಲೇ ಕೊಂಡ ಯಂತ್ರದ ಸವಕಳಿಯನ್ನು ಆ ಖರ್ಚಿಗೆ ಸೇರಿಸಿದರೆ ಸರ್ಕಾರದಿಂದ ಒಂದೇ ಯಂತ್ರಕ್ಕೆ ಎರಡು ಸಲ ಹಣ ಪಡೆದಂತಾಗುತ್ತದೆ. ಅಮೆರಿಕದ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ. ಸರ್ಕಾರಿ ಅನುದಾನದಲ್ಲಿ ಕೆಲಸ ಮಾಡುವ ಬಳಕೆದಾರರಿಗೆ ಇತರರಿಗಿಂತ ಹೆಚ್ಚು ದರ ಹಾಕಲು ಅವು ಬಿಡುವುದಿಲ್ಲ, ಕನಿಷ್ಠ ಎರಡು ವರ್ಷಕ್ಕೊಮ್ಮೆ ದರವನ್ನು ಸರಿಪಡಿಸಲೂ ಹೇಳುತ್ತವೆ.

ಅರ್ಜಿ ತಿರಸ್ಕೃತವಾದರೆ ಸಮಿತಿಯ ಟಿಪ್ಪಣಿಗಳನ್ನು ಸಂಶೋಧಕರ ಜೊತೆ ಕುಳಿತು ಸಾಲುಸಾಲಾಗಿ ಓದಿ, ಯಾವುದು ವಿಜ್ಞಾನದ ಆಕ್ಷೇಪ, ಯಾವುದು ನಿರ್ವಹಣೆಯ ಆಕ್ಷೇಪ ಎಂದು ಬೇರ್ಪಡಿಸಿಕೊಳ್ಳಬೇಕು. ಎರಡನೆಯದು ನಿಮ್ಮ ಹೊಣೆ, ಮುಂದಿನ ಆಹ್ವಾನದೊಳಗೆ ಅದನ್ನು ತಿದ್ದಲು ಸಾಧ್ಯ. ಯಂತ್ರ ಬಂದಿದ್ದರೆ ಮೊದಲ ತಿಂಗಳಿಂದಲೇ ಲಾಗ್ ಪುಸ್ತಕವನ್ನು ನೀವೇ ಹೋಗಿ ನೋಡುತ್ತಿರಬೇಕು. ಬಳಸಿದವರ ಹೆಸರು, ಸಂಸ್ಥೆ, ಗಂಟೆ, ಮಾದರಿಯ ಸಂಖ್ಯೆ, ಯಂತ್ರ ಕೆಟ್ಟು ನಿಂತ ದಿನಗಳು ಅಂದಂದಿಗೆ ಬರೆಯಲ್ಪಟ್ಟಿದ್ದರೆ ಲೆಕ್ಕಪರಿಶೋಧಕರು ಬಂದಾಗ ಅದೇ ದಾಖಲೆ, ವರ್ಷದ ವರದಿಗೆ ಅದೇ ಕೋಷ್ಟಕ, ಹತ್ತು ವರ್ಷದ ಮೇಲೆ ಬದಲಿ ಯಂತ್ರ ಕೇಳುವಾಗಲೂ ಮೊದಲ ಪುಟ ಅದೇ.