ಇಪ್ಪತ್ತಾರು ಸಲ ಅದೇ ಮಾತು

ಬೈಬಲಿನ 136ನೇ ಕೀರ್ತನೆಯಲ್ಲಿ ಇಪ್ಪತ್ತಾರು ವಚನಗಳಿವೆ. ಇಪ್ಪತ್ತಾರರ ಕೊನೆಗೂ ಒಂದೇ ಮಾತು: ಆತನ ಕೃಪೆ ಶಾಶ್ವತ. ಹುಡುಗನಾಗಿದ್ದಾಗ ಇದನ್ನು ಓದುವ ಸರದಿ ಬಂದರೆ ನನಗೆ ಬೇಸರವಾಗುತ್ತಿತ್ತು. ಒಮ್ಮೆ ಹೇಳಿದರೆ ಸಾಲದೇ ಎನಿಸುತ್ತಿತ್ತು.

ಪೋಪ್ ಫ್ರಾನ್ಸಿಸ್ ಅವರು 2015ರ ಡಿಸೆಂಬರ್ 8ರಿಂದ ಮರುವರ್ಷದ ನವೆಂಬರ್ 20ರವರೆಗೆ ಕರುಣೆಯ ಜುಬಿಲಿ ವರ್ಷವನ್ನು ಸಾರಿದರು. ಅದನ್ನು ಘೋಷಿಸಿದ ಪತ್ರದಲ್ಲಿ ಅವರು ಇದೇ ಕೀರ್ತನೆಯನ್ನು ನೆನಪಿಸಿದ್ದರು. 2016ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ರಾತ್ರಿ ಜಪಮಾಲೆ ಮುಗಿದ ಮೇಲೆ ಆ ದಿನದ ಎರಡು ಮೂರು ಸಂಗತಿಗಳನ್ನು ಒಂದೊಂದು ಸಾಲಿನಲ್ಲಿ ಬರೆದು, ಪ್ರತಿಯೊಂದು ಸಾಲಿನ ಕೊನೆಗೂ ‘ಆತನ ಕೃಪೆ ಶಾಶ್ವತ’ ಎಂದು ಸೇರಿಸುವುದು. ಅಭ್ಯಾಸವೆಂದರೆ ಇಷ್ಟೇ. ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವನು. ಹಾಜರಿ ಪುಸ್ತಕದ ಚಾಳಿಯಿಂದ ಮೊದಲ ವಾರ ಎರಡನೇ ಸಾಲಿನಿಂದ ಬರೀ ಗೀಟು ಎಳೆಯುತ್ತಿದ್ದೆ. ಆಮೇಲೆ ಅದನ್ನು ಬಿಟ್ಟೆ. ಪೂರ್ತಿಯಾಗಿ ಬರೆಯುವಾಗ ಕೈ ನಿಧಾನವಾಗುತ್ತದೆ. ಆ ನಿಧಾನದಲ್ಲಿಯೇ ಮೇಲಿನ ಸಾಲನ್ನು ಮತ್ತೊಮ್ಮೆ ಓದಿಕೊಳ್ಳುತ್ತೇವೆ.

ಮೊದಲ ಎರಡು ವರ್ಷಗಳ ಪುಟಗಳನ್ನು ಈಗ ತೆರೆದರೆ ಅಲ್ಲಿರುವುದು ಒಳ್ಳೆಯ ಸುದ್ದಿ ಮಾತ್ರ. ಕಾಳುಮೆಣಸಿನ ಬಳ್ಳಿ ಚೆನ್ನಾಗಿ ಕಚ್ಚಿತು. ಬಾವಿಯ ನೀರು ಏಪ್ರಿಲ್‌ನಲ್ಲೂ ಉಳಿಯಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಜನ್ಮದಿನಕ್ಕೆ, ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಒಟ್ಟಿಗೆ ಉಂಡೆವು. ಅಡಕೆಯ ಧಾರಣೆ ಇಳಿದ ವಾರಗಳಲ್ಲಿ ಪುಟ ಖಾಲಿ. ದೇವರ ಒಳ್ಳೆಯತನವೆಂದರೆ ನನಗೆ ಒಳ್ಳೆಯದಾಗುವುದು ಎಂದು ನಾನು ನಂಬಿದ್ದೆ ಎಂಬುದು ಆ ಖಾಲಿ ಪುಟಗಳನ್ನು ನೋಡಿದಾಗಲೇ ತಿಳಿದದ್ದು. ಆದರೆ ಕೀರ್ತನೆ ಹಾಗೆ ನಡೆಯುವುದಿಲ್ಲ. ಅಲ್ಲಿ ಸೂರ್ಯ, ಚಂದ್ರರ ನಂತರ ಐಗುಪ್ತದ ದಾಸ್ಯ ಬರುತ್ತದೆ, ಅರಣ್ಯ ಬರುತ್ತದೆ, ಯುದ್ಧ ಬರುತ್ತದೆ. ‘ನಮ್ಮ ದೀನಸ್ಥಿತಿಯಲ್ಲಿ ನಮ್ಮನ್ನು ನೆನೆದನು’ ಎಂಬ ಭಾವದ 23ನೇ ವಚನವನ್ನು ದೀನಸ್ಥಿತಿ ಕಂಡವರಲ್ಲದೆ ಬೇರೆ ಯಾರು ಬರೆದಾರು?

2018ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದರು. ಒಂದು ರಾತ್ರಿ ‘ಇಂದು ಅಮ್ಮ ನನ್ನ ಹೆಸರು ಮರೆತರು’ ಎಂದು ಬರೆದೆ. ಮುಂದಿನ ಮಾತಿಗೆ ಕೈ ಬರಲಿಲ್ಲ. ಆ ಅರ್ಧ ಸಾಲು ಇಂದಿಗೂ ಖಾಲಿಯಾಗಿಯೇ ಇದೆ. ಸುಳ್ಳು ಬರೆಯುವುದಕ್ಕಿಂತ ಅದೇ ಸರಿ ಎಂದು ಈಗಲೂ ನಂಬಿದ್ದೇನೆ. ನೋಡಲು ಬಂದ ನೆಂಟರಲ್ಲಿ ಕೆಲವರು ಬಾಗಿಲಲ್ಲೇ ನಿಂತು ‘ದೇವರು ಒಳ್ಳೆಯವನು, ಎಲ್ಲ ಒಳ್ಳೆಯದಕ್ಕೇ’ ಎಂದು ಹೇಳಿ ಹೊರಟುಬಿಡುತ್ತಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಆ ಮಾತನ್ನು ನೋವಿನೊಳಗಿರುವವರು ತಾವಾಗಿ ಹೇಳಬೇಕು. ಹೊರಗಿನವರು ಮಾಡಬೇಕಾದದ್ದು ಒಂದು ಗಂಟೆ ಕುಳಿತು, ಮನೆಯವರಿಗೆ ಮಲಗಲು ಬಿಡುವುದು. ರೋಗಿಯ ಭೇಟಿಯನ್ನು ಧರ್ಮಸಭೆ ಕರುಣೆಯ ಕಾರ್ಯಗಳ ಸಾಲಿಗೆ ಸೇರಿಸಿದ್ದು ಇದಕ್ಕಾಗಿಯೇ ಇರಬೇಕು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 23ನೇ ಕೀರ್ತನೆಯ ಕೊನೆ. ಶುಭವೂ ಕೃಪೆಯೂ ನನ್ನನ್ನು ಹಿಂಬಾಲಿಸುತ್ತವೆ ಎನ್ನುತ್ತದೆ ಅದು. ಮೂಲ ಹೀಬ್ರೂವಿನಲ್ಲಿ ಅದು ಸುಮ್ಮನೆ ಹಿಂದೆ ಬರುವುದಲ್ಲ, ಬೆನ್ನಟ್ಟುವುದು. ಫರೋಹನು ಇಸ್ರಾಯೇಲರನ್ನು ಬೆನ್ನಟ್ಟಿದ ಎನ್ನುವಲ್ಲಿಯೂ ಅದೇ ಕ್ರಿಯಾಪದವಿದೆ. ಶತ್ರುವಿಗೆ ಸಲ್ಲುವ ಪದವನ್ನು ಕೃಪೆಗೆ ಕೊಟ್ಟವನು ಏನು ಅನುಭವಿಸಿದ್ದನೋ! ಅಮ್ಮ ಕೊಂಕಣಿಯಲ್ಲಿ ‘ಕಾಕುಳ್ತ್’ ಎನ್ನುತ್ತಿದ್ದರು. ಕರುಣೆ, ಕನಿಕರ ಎಂಬ ನಮ್ಮ ಪದಗಳ ಅರ್ಥವೇ ಅದಕ್ಕೂ. ಹೆಸರುಗಳೆಲ್ಲ ಮರೆತ ಮೇಲೂ ಇಗರ್ಜಿಯ ಸಂಜೆಯ ಗಂಟೆ ಕೇಳಿದರೆ ಶಿಲುಬೆಯ ಗುರುತಿಗೆಂದು ಅವರ ಬಲಗೈ ಹಣೆಯತ್ತ ಏಳುತ್ತಿತ್ತು. ಅದನ್ನು ಬರೆದೆ. ಆ ಸಾಲು ಪೂರ್ತಿಯಾಗಿದೆ.

ಅಮ್ಮ ತೀರಿಕೊಂಡ ವರ್ಷವೇ, ನಮ್ಮ ಅಡಕೆ ತೋಟಕ್ಕೆ ಮದ್ದು ಸಿಂಪಡಿಸುತ್ತಿದ್ದವರೊಬ್ಬರು ಮಗನ ಶಸ್ತ್ರಚಿಕಿತ್ಸೆಗೆಂದು ನನ್ನಿಂದ 75,000 ರೂಪಾಯಿ ಪಡೆದರು. ಒಂದು ವರ್ಷದಲ್ಲಿ ಕೊಡುವ ಮಾತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿತು, ಮಂಗಳೂರಿನ ದಾರಿ ನಿಂತಿತು, ಅವರ ಕೆಲಸವೂ ನಿಂತಿತು. ಹಣ ಬರಲಿಲ್ಲ. ಆಮೇಲೆ ನೀರ್ಚಾಲಿನ ಪೇಟೆಯಲ್ಲಿ ನನ್ನನ್ನು ಕಂಡರೆ ಅವರು ರಸ್ತೆಯ ಆಚೆಗೆ ದಾಟುತ್ತಿದ್ದರು. ನನಗೆ ಅದರಲ್ಲೊಂದು ತೃಪ್ತಿಯಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದೆ ಇದ್ದರೆ ಮುಂದಿನದು ಅರ್ಥವಾಗದು.

ಆ ಸಾಲದ ಲೆಕ್ಕವನ್ನು ನಾನು ಬರೆಯುತ್ತಿದ್ದದ್ದು ಇದೇ ನೋಟ್‌ಬುಕ್ಕಿನ ಹಿಂದಿನಿಂದ. ಮುಂದಿನಿಂದ ಕೃಪೆ, ಹಿಂದಿನಿಂದ ಬಾಕಿ. ತಿಂಗಳಿಗೊಮ್ಮೆ ತಾರೀಕು ಹಾಕಿ ‘ಬಂದಿಲ್ಲ’ ಎಂದು ಬರೆಯುತ್ತಿದ್ದೆ. 2021ರ ಕೊನೆಗೆ ಎರಡರ ನಡುವೆ ಉಳಿದದ್ದು ನಾಲ್ಕು ಹಾಳೆ.

ಪಾಪನಿವೇದನೆಯಲ್ಲಿ ಈ ಕೋಪವನ್ನು ಹೇಳಿಕೊಂಡೆ. ಗುರುಗಳು ಬುದ್ಧಿವಾದ ಹೇಳಲಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ, ಲೆಕ್ಕ ಮಾಡಿ ಎಂದರು. ಅಲ್ಲಿ ಒಬ್ಬ ಆಳಿಗೆ ಅರಸ ಮನ್ನಾ ಮಾಡಿದ್ದು ಹತ್ತು ಸಾವಿರ ತಲಾಂತಿನ ಸಾಲ. ಅದೇ ಆಳು ಹೊರಗೆ ಬಂದು ಜೊತೆಯವನ ಕುತ್ತಿಗೆ ಹಿಡಿದದ್ದು ನೂರು ದೆನಾರಿಗೆ. ಒಂದು ದೆನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದೆನಾರಿ. ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಆಮೇಲೆ ನನ್ನ ಬಾಕಿಯನ್ನು ತೆಗೆದುಕೊಂಡೆ. ಆಗ ತೋಟದ ಕೆಲಸಕ್ಕೆ ನಾನು ಕೊಡುತ್ತಿದ್ದದ್ದು ದಿನಕ್ಕೆ 700. ಭಾಗಿಸಿದರೆ 107 ದಿನ. ನೂರು ದೆನಾರಿಯ ಆಸುಪಾಸು. ಪೆನ್ಸಿಲ್ ಕೆಳಗಿಟ್ಟೆ. ನಾನು ಆ ಕಥೆಯ ಹೊರಗೆ ಎಲ್ಲಿಯೂ ಇರಲಿಲ್ಲ.

ಬಿಡುವುದೆಂದು ನಿಶ್ಚಯಿಸಿದ್ದು ಅಂದೇ. ನನಗೆ ಪಿಂಚಣಿಯಿದೆ, ಆ ಹಣವಿಲ್ಲದಿದ್ದರೆ ಒಲೆ ಆರುವುದಿಲ್ಲ. ಹಾಗಿಲ್ಲದವರು ತಮ್ಮ ಬಾಕಿಯನ್ನು ಕೇಳಿ ಪಡೆಯುವುದು ತಪ್ಪೆಂದು ನಾನು ಎಂದೂ ಹೇಳಲಾರೆ. ಆದರೆ ಬಿಟ್ಟೆನೆಂದು ಅವರಿಗೆ ಹೇಗೆ ತಿಳಿಸುವುದು? ಮನೆಗೆ ಹೋಗಿ ‘ಕ್ಷಮಿಸಿದ್ದೇನೆ’ ಎಂದರೆ ಹೆಂಡತಿ ಮಕ್ಕಳ ಎದುರು ಅವರ ತಲೆ ತಗ್ಗುತ್ತದೆ. ಅವರು ನಮ್ಮ ಧರ್ಮದವರೂ ಅಲ್ಲ, ನನ್ನ ಸುವಾರ್ತೆಯ ಸಾಮತಿ, ಆ ದೃಷ್ಟಾಂತ ಕಥೆ, ಅವರಿಗೇಕೆ? ಐದು ತಿಂಗಳು ಸುಮ್ಮನೆ ಕಳೆದೆ. ಆ ತಡ ನನ್ನ ತಪ್ಪು.

2022ರ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಫೋನ್ ಮಾಡಿ ಅಡಕೆಯ ಕೊಳೆರೋಗದ ಮದ್ದಿಗೆ ಅವರನ್ನು ಕರೆದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಮರುದಿನ ಬೆಳಗ್ಗೆ ಬಂದರು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಬೆರೆಸುವುದನ್ನು ಇಬ್ಬರೂ ಮಾತಿಲ್ಲದೆ ಮಾಡಿದೆವು. ಅವರು ಹಿಂದಿನಂತೆಯೇ ಕತ್ತಿಯ ಅಲಗನ್ನು ಅದ್ದಿ ನೋಡಿದರು, ತಾಮ್ರದ ಬಣ್ಣ ಹಿಡಿದದ್ದು ಕಂಡು ಇನ್ನಷ್ಟು ಸುಣ್ಣ ಕೇಳಿದರು. ಎರಡು ದಿನ ಕೆಲಸ ನಡೆಯಿತು. ಸಂಜೆ ಜಗಲಿಯಲ್ಲಿ ಪೂರ್ತಿ ಕೂಲಿ ಕೊಟ್ಟೆ. ಅವರು ಎಣಿಸಿ, ಅರ್ಧವನ್ನು ಮರಳಿ ಚಾಚಿ, ‘ಬಾಕಿಗೆ ಹಿಡಿಯಿರಿ’ ಎಂದರು. ‘ಆ ಲೆಕ್ಕ ನನ್ನ ಪುಸ್ತಕದಲ್ಲಿ ಮುಗಿದು ಐದು ತಿಂಗಳಾಯಿತು, ತಿಳಿಸಲು ತಡ ಮಾಡಿದೆ’ ಎಂದೆ. ಅವರು ಅಂಗಳದ ಕಡೆ ನೋಡುತ್ತಾ ಕುಳಿತರು. ಚಹಾ ಆರಿತು, ಬೇರೆ ತಂದುಕೊಟ್ಟೆವು.

ಆ ರಾತ್ರಿಯ ಪುಟದಲ್ಲಿ ಒಂದೇ ಸಾಲಿದೆ: ಎರಡನೇ ಸಲದ ಮದ್ದಿಗೆ ಜುಲೈ ಹತ್ತಕ್ಕೆ ಬರುತ್ತೇನೆಂದು ಹೇಳಿ ಹೋದರು, ಆತನ ಕೃಪೆ ಶಾಶ್ವತ.